ಬಳ್ಳಾರಿ ಕಡೆ ಡೇಟಾ ಸೆಂಟರ್ ಕ್ಲೀನಿಂಗ್ ವರ್ಷಕ್ಕೆ ಎಷ್ಟು ಸಲ? ಕೆಲಸ ಮಾಡಿದವರು ಹೇಳಿ

ಪ್ರಶ್ನೆ: ಕಾರವಾರದವನು, ಈಗ ಬಳ್ಳಾರಿಯಲ್ಲಿ

ನಮ್ಮ ಮನೆ ಕಾರವಾರದ ಸದಾಶಿವಗಡ. ಹತ್ತು ವರ್ಷ ಊರಲ್ಲೇ ಒಂದು ಸಂಸ್ಥೆಯ ಸರ್ವರ್ ರೂಮ್ ನೋಡಿಕೊಂಡಿದ್ದೆ. ಏಪ್ರಿಲ್‌ನಲ್ಲಿ ಬಳ್ಳಾರಿಗೆ ವರ್ಗವಾಗಿ, ನಲವತ್ತು ರ‍್ಯಾಕಿನ ಡೇಟಾ ಸೆಂಟರ್ ನನ್ನ ಕೈಗೆ ಬಂದಿದೆ. ರೇಸ್ಡ್ ಫ್ಲೋರ್ (ಅಡಿಯಲ್ಲಿ ಕೇಬಲ್, ತಂಪು ಗಾಳಿಗೆ ಜಾಗ ಬಿಟ್ಟು ಎತ್ತರಿಸಿದ ಟೈಲಿನ ನೆಲ), ನಾಲ್ಕು ಪಿಎಸಿ (ಸರ್ವರ್ ರೂಮಿಗೆಂದೇ ಇರುವ ದೊಡ್ಡ ಎಸಿ). ಊರಲ್ಲಿ ತೇವ, ಬೂಸ್ಟು, ಉಪ್ಪುಗಾಳಿ ಇವೇ ಚಿಂತೆ. ಇಲ್ಲಿ ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದು. ಕ್ಲೀನಿಂಗ್ ಕಂಪನಿಯವರು ಮೂರು ತಿಂಗಳಿಗೊಮ್ಮೆ ಅಂತ ಕೊಟೇಶನ್ ಕೊಟ್ಟಿದ್ದಾರೆ. ನಮ್ಮ ಮೇಲಿನವರು "ಒಳಗೆ ಎಸಿ ಇದೆಯಲ್ಲ, ಎರಡು ವರ್ಷಕ್ಕೊಮ್ಮೆ ಸಾಕು" ಅನ್ನುತ್ತಾರೆ. ಒಣ ಹವೆಯ ಊರಲ್ಲಿ ಇಂಥ ಕೆಲಸ ಮಾಡಿದ ನಮ್ಮ ಜಿಲ್ಲೆಯವರು ಇದ್ದರೆ ದಯವಿಟ್ಟು ಹೇಳಿ. ಈ ತಿಂಗಳು ಸಹಿ ಆಗಬೇಕು.

ಶಿರಸಿಯಿಂದ

ತಮ್ಮಾ, ನಾನು ಹನ್ನೊಂದು ವರ್ಷ ಬಳ್ಳಾರಿ, ಕೊಪ್ಪಳ ಕಡೆಯೇ ಇದೇ ಕೆಲಸದಲ್ಲಿದ್ದೆ. ಈಗ ಊರಿಗೆ ಬಂದು ತೋಟ ನೋಡಿಕೊಂಡಿದ್ದೇನೆ. ನನ್ನ ಉತ್ತರ ಮೊದಲೇ ಹೇಳುತ್ತೇನೆ: ವೃತ್ತಿಯವರಿಂದ ಪೂರ್ತಿ ಕ್ಲೀನಿಂಗ್, ಅಂದರೆ ನೆಲದ ಅಡಿ, ಕೇಬಲ್ ಟ್ರೇ, ರ‍್ಯಾಕಿನ ಹೊರಮೈ ಎಲ್ಲ ಸೇರಿ, ವರ್ಷಕ್ಕೆ ಎರಡು ಸಲ. ನೆಲದ ಮೇಲ್ಮೈಗೆ ಮಾತ್ರ ತಿಂಗಳಿಗೊಮ್ಮೆ. ಎರಡು ವರ್ಷ ಬಿಡುವ ಮಾತು ಅಲ್ಲಿ ಬೇಡವೇ ಬೇಡ. ಮೂರು ತಿಂಗಳಿಗೊಮ್ಮೆ ಬೇಕೇ ಬೇಕು ಅನ್ನುವ ಸ್ಥಿತಿ ನಿಮ್ಮದಾಗಿದ್ದರೆ, ಧೂಳು ಎಲ್ಲಿಂದಲೋ ಒಳಗೆ ಬರುತ್ತಿದೆ ಎಂದು ಅರ್ಥ. ಆಗ ಹಣ ಹಾಕಬೇಕಾದ್ದು ಕ್ಲೀನಿಂಗಿಗಲ್ಲ, ಆ ದಾರಿ ಮುಚ್ಚುವುದಕ್ಕೆ.

ಎರಡು ಸಲ ಅಂದರೆ ಜನವರಿಗೊಂದು, ಜುಲೈಗೊಂದು ಅಂತ ಕ್ಯಾಲೆಂಡರ್ ನೋಡಿ ಹಾಕಿಸಬೇಡ. ನಮ್ಮಲ್ಲಿ ಆಷಾಢ ಅಂದರೆ ಮನೆಯಿಂದ ಕಾಲು ಹೊರಗಿಡಲಾಗದ ಮಳೆ. ಅದೇ ಗಾಳಿ ಮಳೆಯನ್ನೆಲ್ಲ ನಮ್ಮ ಘಟ್ಟಕ್ಕೇ ಸುರಿದು ಬರೀ ಗಾಳಿಯಾಗಿ ಅಲ್ಲಿಗೆ ಹೋಗುತ್ತದೆ. ಕಾರವಾರಕ್ಕೆ ವರ್ಷಕ್ಕೆ 3000 ಮಿಲಿಮೀಟರಿನ ಆಚೀಚೆ ಮಳೆ, ಬಳ್ಳಾರಿಗೆ 500ರ ಆಸುಪಾಸು. ಜೂನ್, ಜುಲೈ ಅಲ್ಲಿ ಧೂಳಿನ ತಿಂಗಳುಗಳು. ಆಷಾಢದ ನಡುವೆ ದುಡ್ಡು ಕೊಟ್ಟು ಕ್ಲೀನ್ ಮಾಡಿಸಿದರೆ ಹದಿನೈದು ದಿನಕ್ಕೆ ಮೊದಲಿನ ಹಾಗೇ ಆಗಿರುತ್ತದೆ. ನಾನು ಮಾಡಿಸುತ್ತಿದ್ದದ್ದು ಮೇ ಕೊನೆಯ ವಾರ ಒಂದು, ಚೌತಿ ಮುಗಿದ ಮೇಲೆ ಒಂದು. ಮೊದಲನೆಯದು ಬೇಸಿಗೆಯ ಧೂಳು ತೆಗೆದು ಗಾಳಿಗೆ ತಯಾರಾಗಲು. ಎರಡನೆಯದು ಗಾಳಿ ತಂದದ್ದನ್ನು ತೆಗೆಯಲು. ಅದಾದ ಮೇಲೆ ಫೆಬ್ರವರಿಯವರೆಗೆ ರೂಮ್ ಚೆನ್ನಾಗಿ ಉಳಿಯುತ್ತಿತ್ತು.

ನನಗೆ ಇದು ತಿಳಿದದ್ದು ಪೆಟ್ಟು ತಿಂದ ಮೇಲೆ. ನಾನು ಹೋದ ಮೊದಲ ವರ್ಷ ಅಲ್ಲಿ ಮೂರು ತಿಂಗಳಿಗೊಮ್ಮೆ ಕ್ಲೀನಿಂಗ್ ಆಗುತ್ತಿತ್ತು, ರಿಪೋರ್ಟ್ ಎಲ್ಲ ಸರಿ ಇತ್ತು. ಜುಲೈನಲ್ಲಿ ಒಂದು ಸಾಲಿನ ಸರ್ವರ್‌ಗಳ ಫ್ಯಾನ್ ಒಂದೇ ಸಮ ಕೂಗಲು ಶುರುವಾಯಿತು. ಒಂದನ್ನು ಇಳಿಸಿ ಮುಚ್ಚಳ ತೆಗೆದೆ. ಚಿಪ್‌ನ ಬಿಸಿ ಹೊರಹಾಕುವ ಹೀಟ್ ಸಿಂಕಿನ ಸಣ್ಣ ಸಣ್ಣ ಪದರುಗಳ ಬಾಯಿಗೆ ಕೆಂಪು ಧೂಳು ಕಂಬಳಿಯ ಹಾಗೆ ಕೂತಿತ್ತು. ಉಗುರಿನಲ್ಲಿ ಎಬ್ಬಿಸಿದರೆ ಒಂದೇ ಚೂರಾಗಿ ಎದ್ದು ಬಂತು, ಹಿಂದುಗಡೆ ಪದರುಗಳ ಗೆರೆ ಅಚ್ಚಾಗಿತ್ತು. ಗಾಳಿ ಹೋಗಲು ದಾರಿಯೇ ಇರಲಿಲ್ಲ. ಅದಕ್ಕೇ ಫ್ಯಾನ್ ಓಡುತ್ತಿತ್ತು. ಫ್ಯಾನಿನ ವೇಗ ಶೇಕಡಾ 20 ಏರಿದರೆ ಅದು ತಿನ್ನುವ ವಿದ್ಯುತ್ ಸುಮಾರು ಶೇಕಡಾ 73 ಏರುತ್ತದೆ, ವೇಗದ ಘನದ ಲೆಕ್ಕದಲ್ಲಿ. ನಿಮ್ಮ ಮೇಲಿನವರಿಗೆ ಧೂಳು ಅಂದರೆ ಅರ್ಥವಾಗದಿದ್ದರೆ ಕರೆಂಟ್ ಬಿಲ್ಲಿನ ಈ ಲೆಕ್ಕ ಹೇಳು.

ಆಮೇಲೆ ಟೈಲ್ ಎತ್ತಿ ಟಾರ್ಚ್ ಹಿಡಿದು ನೆಲದ ಅಡಿಯಲ್ಲಿ ತೆವಳಿದೆ. ಡಿಜಿ (ಡೀಸೆಲ್ ಜನರೇಟರ್) ರೂಮಿನಿಂದ ಪವರ್ ಕೇಬಲ್ ಬರುವ ತೂತು ಅಂಗೈಯಷ್ಟು ಅಗಲ, ಮುಚ್ಚಿರಲೇ ಇಲ್ಲ. ಅದರ ಮುಂದೆ ಕೆಂಪು ಮಣ್ಣು ಬೀಸಣಿಗೆಯ ಆಕಾರದಲ್ಲಿ ಹರಡಿತ್ತು. ನಡುವೆ ಕಪ್ಪು ಗೆರೆ, ಡೀಸೆಲ್ ಮಸಿ. ಆ ಒಂದು ತೂತು, ಬಾಗಿಲ ಕೆಳಗಿನ ಸಂದು, ಸೀಲಿಂಗಿನ ಮೇಲೆ ಗೋಡೆ ಪೂರ್ತಿ ಮುಟ್ಟದೆ ಬಿಟ್ಟಿದ್ದ ಜಾಗ, ಇಷ್ಟನ್ನು ಬೆಂಕಿ ತಡೆಯುವ ಸೀಲಂಟ್ ಹಾಕಿ ಮುಚ್ಚಿಸಿದೆ. ಮರುವರ್ಷದಿಂದ ಎರಡು ಸಲ ಸಾಕಾಯಿತು.

ಇನ್ನೊಂದು ಮಾತು. ಕಂಪನಿಯವರು ಕೆಲಸ ಮುಗಿಸಿ ಫೋಟೋ ಕೊಡುತ್ತಾರೆ. ಫೋಟೋ ಸಾಲದು. ಪಾರ್ಟಿಕಲ್ ಕೌಂಟ್, ಅಂದರೆ ಗಾಳಿಯಲ್ಲಿರುವ ಧೂಳಿನ ಕಣಗಳ ಲೆಕ್ಕ, ಅಳೆದು ಕೊಡಬೇಕು ಅಂತ ಕರಾರಿನಲ್ಲೇ ಬರೆಸು. ಡೇಟಾ ಸೆಂಟರಿಗೆ ಹಿಡಿಯುವ ಅಳತೆ ಐಎಸ್‌ಒ 14644-1ರ ಕ್ಲಾಸ್ 8: ಒಂದು ಘನ ಮೀಟರ್ ಗಾಳಿಯಲ್ಲಿ 0.5 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 35,20,000 ಮೀರಬಾರದು. ಕ್ಲೀನಿಂಗಿಗೆ ಮೊದಲೊಮ್ಮೆ, ಆಗಿ ಎರಡು ದಿನದ ಮೇಲೆ ಒಮ್ಮೆ, ಎರಡು ತಿಂಗಳು ಬಿಟ್ಟು ಒಮ್ಮೆ ಅಳೆಸು. ಆ ಮೂರನೆಯ ಅಂಕಿಯೇ ಮುಂದಿನ ಸಲ ಯಾವಾಗ ಅಂತ ಹೇಳುತ್ತದೆ.

ಕಾರವಾರದಿಂದ

ನಾನು ಇಲ್ಲಿ ಒಂದು ಆಸ್ಪತ್ರೆಯ ಸರ್ವರ್ ರೂಮ್ ನೋಡಿಕೊಳ್ಳುತ್ತೇನೆ. ಶಿರಸಿಯ ಅಣ್ಣ ಹೇಳಿದ್ದು ಸರಿ. ನಾನು ಒಂದೇ ಎಚ್ಚರಿಕೆ ಹೇಳುತ್ತೇನೆ, ಯಾಕೆಂದರೆ ನೀವು ನನ್ನ ಹಾಗೇ ಸಮುದ್ರದ ಬದಿಯಲ್ಲಿ ಕಲಿತವರು: ಇಲ್ಲಿಯ ರೂಢಿಯನ್ನು ಅಲ್ಲಿಗೆ ಒಯ್ಯಬೇಡಿ.

ನಮ್ಮ ಧೂಳಿನಲ್ಲಿ ಉಪ್ಪಿದೆ. ಅಡುಗೆ ಉಪ್ಪು ಶೇಕಡಾ 75ರ ಸುಮಾರಿನ ತೇವಾಂಶದಲ್ಲಿ ನೀರು ಎಳೆದು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಮ್ ಕ್ಲೋರೈಡಿಗೆ ಶೇಕಡಾ 33 ಸಾಕು. ಹಾಗಾಗಿ ಇಲ್ಲಿ ಧೂಳು ಸ್ವಲ್ಪವೇ ಇದ್ದರೂ ಬೋರ್ಡಿನ ಮೇಲೆ ಒದ್ದೆಯಾಗಿ ಕೂತು ತಾಮ್ರ, ಬೆಳ್ಳಿಯನ್ನು ತಿನ್ನುತ್ತದೆ. ನಾವು ಅಳೆಯುವುದೂ ಅದನ್ನೇ. ತಾಮ್ರದ ಪಟ್ಟಿಯಲ್ಲಿ ತಿಂಗಳಿಗೆ 300 ಆಂಗ್‌ಸ್ಟ್ರಾಮ್, ಬೆಳ್ಳಿಯಲ್ಲಿ 200ರ ಒಳಗೆ ತುಕ್ಕಿನ ಪದರ ಇರಬೇಕು. ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು. ನನ್ನ ಕ್ಲೀನಿಂಗ್ ತಾರೀಖು ಆ ಪಟ್ಟಿ ಹೇಳುತ್ತದೆ.

ಬಳ್ಳಾರಿಯಲ್ಲಿ ತೊಂದರೆ ಬೇರೆ. ಗಾಳಿ ಒಣಗಿದಷ್ಟೂ ಸ್ಟ್ಯಾಟಿಕ್, ಅಂದರೆ ಉಜ್ಜಿದಾಗ ಹುಟ್ಟಿ ಮೈಯಲ್ಲಿ ನಿಲ್ಲುವ ವಿದ್ಯುತ್, ಜಾಸ್ತಿ. ಮೈಯಲ್ಲಿ 3000 ವೋಲ್ಟ್ ಸುಮಾರು ಆಗುವವರೆಗೆ ನಮಗೆ ಚುರುಕ್ ಅನ್ನುವುದೇ ಗೊತ್ತಾಗುವುದಿಲ್ಲ. ಕೆಲವು ಚಿಪ್‌ಗಳು ಕೆಡಲು 100 ವೋಲ್ಟೂ ಬೇಡ. ನಾನು ಇಲ್ಲಿ ಸಾದಾ ಮೈಕ್ರೋಫೈಬರ್ ಬಟ್ಟೆಯಲ್ಲಿ ರ‍್ಯಾಕ್ ಒರೆಸಿಸುತ್ತೇನೆ, ಏನೂ ಆಗಿಲ್ಲ. ನೀವು ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಅದನ್ನು ಮಾಡಿಸಬೇಡಿ. ಆಂಟಿಸ್ಟ್ಯಾಟಿಕ್ ಬಟ್ಟೆ, ಅರ್ಥಿಂಗ್ ಇರುವ ವ್ಯಾಕ್ಯೂಮ್, ಕೈಗೆ ಸ್ಟ್ರ್ಯಾಪ್ ಇರಲೇಬೇಕು. ಹಾಗೆಂದು ನೆಲಕ್ಕೆ ನೀರು ಸುರಿದು ಒರೆಸುವುದೂ ತಪ್ಪು. ಒದ್ದೆಯಾದ ಕೆಂಪು ಮಣ್ಣು ಟೈಲಿನ ಸಂದಿಗೆ ಇಳಿದು ಒಣಗಿದರೆ ಆಮೇಲೆ ಪುಡಿಪುಡಿಯಾಗಿ ನೆಲದ ಅಡಿ ತಂಪು ಗಾಳಿ ಹರಿಯುವ ಜಾಗಕ್ಕೆ, ಅಂದರೆ ಪ್ಲೀನಮ್‌ಗೆ ಬೀಳುತ್ತದೆ.

ಕುಮಟಾದಿಂದ

ನಾನು ಆರು ವರ್ಷ ಕ್ಲೀನಿಂಗ್ ತಂಡದಲ್ಲೇ ಇದ್ದವನು. ಹುಬ್ಬಳ್ಳಿ, ವಿಜಯಪುರ, ಬಳ್ಳಾರಿ ಎಲ್ಲ ಕಡೆ ನೆಲದ ಅಡಿಗೆ ಇಳಿದಿದ್ದೇನೆ. ಎಷ್ಟು ಸಲ ಅನ್ನುವುದನ್ನು ಈ ಇಬ್ಬರೂ ಹೇಳಿದರು. ಬಂದವರು ಹೇಗೆ ಮಾಡುತ್ತಾರೆ ಅನ್ನುವುದನ್ನು ನೀವು ನಿಂತು ನೋಡಿ ಅಣ್ಣ.

ಕೆಲಸ ಶುರುವಾಗುವ ಮೊದಲು ಬೆಂಕಿ ನಂದಿಸುವ ಗ್ಯಾಸ್ ಸಿಸ್ಟಮ್ ಆಟೋದಿಂದ ಮ್ಯಾನ್ಯುವಲ್‌ಗೆ ಹಾಕಿಸಿ, ಸೇಫ್ಟಿಯವರ ಸಹಿ ತಗೊಳ್ಳಿ. ನೆಲದ ಅಡಿಯಿಂದ ಎದ್ದ ಧೂಳನ್ನು ಡಿಟೆಕ್ಟರ್ ಹೊಗೆ ಅಂತಲೇ ತಿಳಿಯುತ್ತದೆ. ಗ್ಯಾಸ್ ಹೊರಬಿದ್ದರೆ ಖರ್ಚೊಂದೇ ಅಲ್ಲ, ನಳಿಗೆಯ ಶಬ್ದಕ್ಕೇ ಹಾರ್ಡ್ ಡಿಸ್ಕ್ ಕೆಡಬಹುದು. 2016ರಲ್ಲಿ ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಒಂದು ಬ್ಯಾಂಕಿನ ಡೇಟಾ ಸೆಂಟರ್ ಬರೀ ಗ್ಯಾಸ್ ಪರೀಕ್ಷೆಯ ಶಬ್ದಕ್ಕೆ ಡಿಸ್ಕ್ ಕೆಟ್ಟು ಗಂಟೆಗಟ್ಟಲೆ ನಿಂತಿತ್ತು. ಕೆಲಸ ಮುಗಿದ ಮೇಲೆ ಮತ್ತೆ ಆಟೋಗೆ ಹಾಕುವುದು ಮರೆಯಬಾರದು. ಅದಕ್ಕೂ ಸಹಿ.

ಕಸಬರಿಗೆ, ಬ್ಲೋವರ್ ಕಂಡರೆ ಬಾಗಿಲಲ್ಲೇ ತಡೆಯಿರಿ. ಅವು ಧೂಳನ್ನು ಈ ರ‍್ಯಾಕಿನಿಂದ ಎಬ್ಬಿಸಿ ಆ ರ‍್ಯಾಕಿಗೆ ಕೂರಿಸುತ್ತವೆ. ವ್ಯಾಕ್ಯೂಮ್ ಹೆಪಾ ಫಿಲ್ಟರಿನದೇ ಆಗಬೇಕು, 0.3 ಮೈಕ್ರಾನ್ ಕಣವನ್ನು ಶೇಕಡಾ 99.97 ಹಿಡಿಯುವಂಥದು. ಸಾದಾ ವ್ಯಾಕ್ಯೂಮಿನ ಹಿಂದೆ ಕೈ ಹಿಡಿದು ನೋಡಿ, ಸಣ್ಣ ಧೂಳು ವಾಪಸ್ ಬರುವುದು ಅಂಗೈಗೆ ಗೊತ್ತಾಗುತ್ತದೆ. ಟೈಲ್ ಒಂದೇ ಸಲ ಸಾಲಾಗಿ ತೆಗೆಯಲು ಬಿಡಬೇಡಿ. ಅಡಿಯ ತಂಪು ಗಾಳಿಯ ಒತ್ತಡ ಬಿದ್ದು ದೂರದ ರ‍್ಯಾಕ್ ಬಿಸಿಯಾಗುತ್ತದೆ, ನೆಲದ ಚೌಕಟ್ಟೂ ಅಲುಗುತ್ತದೆ. ಮೂರೋ ನಾಲ್ಕೋ ತೆಗೆದು, ಮುಗಿಸಿ, ಮುಚ್ಚಿ ಮುಂದೆ ಹೋಗಬೇಕು.

ಹಳೇ ಕಟ್ಟಡವಾದರೆ ಟೈಲಿನ ಬೆನ್ನು ತಿರುಗಿಸಿ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಬೆಳಕಿಗೆ ಮಿಣಮಿಣ ಅನ್ನುವ ಕೂದಲಿನಂಥ ಎಳೆ ಕಂಡರೆ ಅದು ಸತುವಿನ ಎಳೆ, ಝಿಂಕ್ ವಿಸ್ಕರ್. ಅದರಲ್ಲಿ ಕರೆಂಟ್ ಹರಿಯುತ್ತದೆ. ಅಲುಗಾಡಿಸಿದರೆ ಮುರಿದು ಗಾಳಿಗೆ ಸೇರಿ ಪವರ್ ಸಪ್ಲೈ ಒಳಗೆ ಶಾರ್ಟ್ ಮಾಡುತ್ತದೆ. ಹಾಗಿದ್ದರೆ ಕ್ಲೀನಿಂಗ್ ನಿಲ್ಲಿಸಿ, ಅದು ಗೊತ್ತಿದ್ದವರನ್ನೇ ಕರೆಸಿ. ಎಷ್ಟು ಬಾರಿ ಕ್ಲೀನ್ ಮಾಡಿದರೂ ಹೋಗುವುದಲ್ಲ ಅದು, ಟೈಲೇ ಬದಲಾಗಬೇಕು.

ಪ್ರಶ್ನೆ ಕೇಳಿದವನು, ನಾಲ್ಕು ದಿನದ ನಂತರ

ಎಲ್ಲರಿಗೂ ನಮಸ್ಕಾರ. ಭಾನುವಾರ ನಾನೂ ಎಲೆಕ್ಟ್ರಿಶಿಯನ್ ಹುಡುಗನೂ ಸೇರಿ ಹನ್ನೆರಡು ಕಡೆ ಟೈಲ್ ಎತ್ತಿ ನೋಡಿದೆವು, ಒಂದೊಂದಾಗಿಯೇ. ಸತುವಿನ ಎಳೆ ಎಲ್ಲೂ ಇಲ್ಲ. ನಡು ಸಾಲಿನಲ್ಲಿ ಧೂಳು ತೆಳುವಾಗಿದೆ, ಬೆರಳಿಟ್ಟರೆ ಗುರುತು ಮೂಡುತ್ತದೆ ಅಷ್ಟೆ. ಆದರೆ ಬ್ಯಾಟರಿ ರೂಮಿನ ಗೋಡೆಯ ಬದಿಯ ಎರಡು ಟೈಲಿನ ಅಡಿ ಅಣ್ಣ ಹೇಳಿದ ಬೀಸಣಿಗೆಯೇ! ಕೇಬಲ್ ತೂತಿಗೆ ಯಾರೋ ರಟ್ಟು ತುರುಕಿದ್ದಾರೆ, ಅದು ಒಣಗಿ ಪುಡಿಯಾಗಿ ಅದೂ ಧೂಳಾಗಿದೆ. ಪಿಎಸಿಯ ಫಿಲ್ಟರ್ ಚೋಕ್ ಅಲಾರಂ ಮಾರ್ಚ್‌ನಿಂದ ಐದು ಸಲ ಬಂದದ್ದು ಲಾಗ್‌ನಲ್ಲಿದೆ, ಯಾರೂ ನೋಡಿಲ್ಲ. ಹೊಸ ಸರ್ವರ್‌ಗಳ ಡಬ್ಬಗಳನ್ನೂ ಹಾಲ್ ಒಳಗೇ ಬಿಚ್ಚುತ್ತಿದ್ದರಂತೆ. ಕೊಟೇಶನ್ ವಾಪಸ್ ಕಳಿಸಿ ವರ್ಷಕ್ಕೆ ಎರಡು ಸಲ, ಜೊತೆಗೆ ಪಾರ್ಟಿಕಲ್ ಕೌಂಟ್, ಅಂತ ತಿದ್ದಿ ಕೇಳಿದ್ದೇನೆ. ತೂತು ಮುಚ್ಚುವ ಕೆಲಸ ಮೊದಲೋ ಕ್ಲೀನಿಂಗ್ ಮೊದಲೋ?

ಶಿರಸಿಯಿಂದ

ತೂತು ಮೊದಲು ಮುಚ್ಚಿಸು ತಮ್ಮಾ. ಗೋಡೆ ಕೊರೆಯುವಾಗ, ಹಳೇ ರಟ್ಟು ಕೀಳುವಾಗ ಮತ್ತೆ ಧೂಳು ಏಳುತ್ತದೆ, ಆ ಜಾಗಕ್ಕೆ ಪ್ಲಾಸ್ಟಿಕ್ ಪರದೆ ಕಟ್ಟಿಸಿ ಪಕ್ಕದಲ್ಲೇ ವ್ಯಾಕ್ಯೂಮ್ ಹಿಡಿಸು. ಸೀಲಂಟ್ ಒಣಗಿದ ಮೇಲೆ ಪಿಎಸಿ ಫಿಲ್ಟರ್ ಬದಲಿಸು, ನಾಲ್ಕನ್ನೂ ಒಟ್ಟಿಗಲ್ಲ, ದಿನಕ್ಕೊಂದು. ಹೊರಗಿನ ಗಾಳಿ ಎಳೆಯುವ ಘಟಕ ಇದ್ದರೆ ಅದಕ್ಕೆ ಮರ್ವ್ 11 ಅಥವಾ 13ರ ಫಿಲ್ಟರ್ ಇದೆಯೇ ನೋಡು (ಮರ್ವ್ ಅಂದರೆ ಫಿಲ್ಟರ್ ಧೂಳು ಹಿಡಿಯುವ ಶಕ್ತಿಯ ಅಂಕಿ), ಒಳಗೇ ಸುತ್ತುವ ಗಾಳಿಗೆ ಮರ್ವ್ 8 ಆಗುತ್ತದೆ. ಡಬ್ಬ ಬಿಚ್ಚಲು ಹಾಲ್ ಹೊರಗೆ ಒಂದು ಮೇಜು ಹಾಕಿಸಿಬಿಡು, ಅದಕ್ಕೆ ಯಾರ ಸಹಿಯೂ ಬೇಡ. ಇದೆಲ್ಲ ಹದಿನೈದು ದಿನದ ಕೆಲಸ. ಮೇ ಕೊನೆಯೊಳಗೆ ಕ್ಲೀನಿಂಗ್ ಮುಗಿದರೆ ಆಷಾಢದ ಗಾಳಿಗೆ ಮೊದಲು ನಿನ್ನ ರೂಮ್ ತಯಾರು. ಚೌತಿಗೆ ಊರಿಗೆ ಬರುವವನಿದ್ದರೆ, ಹೊರಡುವ ಮೊದಲು ಆ ಎರಡು ಟೈಲ್ ಇನ್ನೊಮ್ಮೆ ಎತ್ತಿ ನೋಡಿ ಇಲ್ಲಿ ಬರೆ.