ತಾತನ ಎಡೆಗೆ ಏನೇನು ಇಡಬೇಕು?

ಮಾವನವರ ವರ್ಷಾಬ್ದಿಕ ಮುಗಿಯಿತು, ಇನ್ನು ಹಬ್ಬಗಳು ಶುರುವಾಗುತ್ತವೆ, ಮಕ್ಕಳಿಗೆ ಅಜ್ಜನ ನೆನಪು ಉಳಿಯೋ ಹಾಗೆ ಏನು ಮಾಡೋದು ಅಂತ ಈ ಗುಂಪಿನಲ್ಲಿ ಕೇಳಿದ ಅಕ್ಕನಿಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಫೋಟೋ ಆಲ್ಬಂ ಮಾಡಿಸಿ, ಅವರ ಹೆಸರಲ್ಲಿ ಊರಿನ ಶಾಲೆಗೆ ಪುಸ್ತಕ ಕೊಡಿಸಿ, ಹಳೇ ವಿಡಿಯೋಗಳನ್ನು ಒಂದು ಕಡೆ ಸೇರಿಸಿಡಿ. ಎಲ್ಲವೂ ಒಳ್ಳೆಯ ಮಾತೇ. ಆದರೆ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಗುಂಪಿನಲ್ಲಿ ಎಲ್ಲ ಥರದವರೂ ಇದ್ದಾರೆ, ಮಾಂಸದ ಎಡೆಯ ಮಾತು ಯಾಕೆ ಅನ್ನೋ ಸಂಕೋಚ ಇರಬಹುದು. ನನಗೆ ಆ ಸಂಕೋಚ ಇಲ್ಲ, ಹೇಳಿಬಿಡ್ತೀನಿ.

ನಾವು ಮಳವಳ್ಳಿ ಕಡೆಯವರು, ಈಗ ಟೆಕ್ಸಾಸಿನ ಡಲ್ಲಾಸ್ ಪಕ್ಕದಲ್ಲಿದ್ದೀವಿ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆ ಅಂದರೆ ಊಟದ ಹಬ್ಬ. ಕಳಸ ಇಟ್ಟು, ತೀರಿಕೊಂಡವರ ಫೋಟೋಗೆ ಹೂ ಹಾಕಿ, ಮುಂದೆ ಹೊಸ ಪಂಚೆ, ಟವೆಲ್ಲು, ಸೀರೆ ಇಡೋದು. ಬಾಳೆ ಎಲೆ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಧೂಪ ಹಾಕಿ, ಬಾಗಿಲು ಎಳಕೊಂಡು ಮನೆಮಂದಿಯೆಲ್ಲ ಹೊರಗೆ ನಿಲ್ಲೋದು. ಹಿರಿಯರು ಬಂದು ಉಂಡು ಹೋಗಲಿ ಅಂತ. ಸ್ವಲ್ಪ ಹೊತ್ತಾದ ಮೇಲೆ ನಮ್ಮಣ್ಣ ಒಂದು ಸಲ ಕೆಮ್ಮಿ ಬಾಗಿಲು ತೆಗೀತಾನೆ. ಹಿರಿಯರು ಇನ್ನೂ ಉಣ್ಣುತ್ತಿದ್ದರೆ ಮುಜುಗರ ಆಗಬಾರದಲ್ಲ.

ಈ ಹಬ್ಬದ ಜಾಣತನ ಇರೋದು ಆ "ಇಷ್ಟವಾದದ್ದು" ಅನ್ನೋದರಲ್ಲಿ. ಗಣೇಶನಿಗೆ ಕಡುಬು ಅಂತ ಯಾರನ್ನೂ ಕೇಳಬೇಕಿಲ್ಲ. ನಿಮ್ಮ ಮಾವನವರಿಗೆ ಏನಿಷ್ಟ ಇತ್ತು ಅನ್ನೋದು ಮಾತ್ರ ಯಾವ ಯೂಟ್ಯೂಬಿನಲ್ಲೂ ಸಿಗಲ್ಲ. ಅವರ ಜೊತೆ ಕೂತು ಉಂಡವರನ್ನೇ ಕೇಳಬೇಕು.

ಅದಕ್ಕೇ ಹಬ್ಬ ಹತ್ತಿರ ಬಂದಾಗ ಫೋನನ್ನು ಮಕ್ಕಳ ಕೈಗೇ ಕೊಡ್ತೀನಿ. ನಮ್ಮಪ್ಪ ಹೋದಾಗ ಮಗನಿಗೆ ಬುದ್ಧಿ ತಿಳಿದಿರಲಿಲ್ಲ, ಮಗಳಿಗೂ ನೆನಪು ಅಷ್ಟಕ್ಕಷ್ಟೆ. ಮಗಳು ಅವಳತ್ತೆಗೆ ಫೋನ್ ಮಾಡಿದರೆ, ನಿಮ್ತಾತಂಗೆ ಬೋಟಿ ಗೊಜ್ಜು, ಬಿಸಿ ಮುದ್ದೆ ಇದ್ರೆ ಇನ್ನೇನೂ ಬೇಡ ಅಂದಳು. ದೊಡ್ಡಪ್ಪ ಅದನ್ನು ಒಪ್ಪಲಿಲ್ಲ. ಹುರುಳಿಕಾಳು ಬಸ್ಸಾರು ಅಂದ್ರೆ ಪ್ರಾಣ, ಮಾಂಸ ಎಲ್ಲ ನಂಟರು ಬಂದಾಗ ಅಷ್ಟೇ ಅಂದ. ಚಿಕ್ಕತಾತ ಇಬ್ಬರನ್ನೂ ತಳ್ಳಿಹಾಕಿ, "ಅವರಿಗೇನ್ ಗೊತ್ತವ್ವ, ನಿಮ್ತಾತಂಗೆ ಮದ್ದೂರು ವಡೆ ಹುಚ್ಚು, ಮನೇಲಿ ಹೇಳ್ದಂಗೆ ತಿಂದ್ಕೊಂಡು ಬರೋನು" ಅಂದರು.

ಮದ್ದೂರಿಗೆ ಯಾಕೆ ಹೋಗ್ತಿದ್ರು? ಮಗಳ ಮುಂದಿನ ಪ್ರಶ್ನೆ. ರೇಷ್ಮೆಗೂಡು ತಗೊಂಡು ರಾಮನಗರದ ಮಾರುಕಟ್ಟೆಗೆ ಹೋಗಿ ಬರ್ತಾ ರೈಲಿಳಿದು ವಡೆ ತಿಂದು ಬಸ್ ಹತ್ತೋರು. ಗೂಡು ಅಂದ್ರೆ ಏನು? ಹುಳ ಎಲ್ಲಿರ್ತಿತ್ತು? ನಡುಮನೆಯಲ್ಲೇ, ಹುಳ ಗೂಡು ಕಟ್ಟೋ ಬಿದಿರಿನ ಚಂದ್ರಿಕೆಗಳನ್ನು ಒರಗಿಸಿ, ಮನೆಯವರು ಜಗಲಿಯಲ್ಲಿ ಮಲಗುತ್ತಿದ್ದರು ಅಂತ ಕೇಳಿ ಅವಳಿಗೆ ನಂಬೋಕೇ ಆಗಲಿಲ್ಲ. ರಾತ್ರಿ ಹುಳ ಸೊಪ್ಪು ಮೇಯೋ ಸದ್ದು ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತಿತ್ತು ಅಂತ ನಾನೂ ಒಂದು ಮಾತು ಸೇರಿಸಿದೆ. ತಾತ ಒಳ್ಳೆಯವರಾಗಿದ್ದರು, ಕಷ್ಟಪಟ್ಟು ನಮ್ಮನ್ನು ಓದಿಸಿದರು ಅಂತ ನಾನು ಎಷ್ಟು ಸಲ ಹೇಳಿದ್ದೆನೋ. ಅದೊಂದೂ ಅವಳ ತಲೆಗೆ ಹತ್ತಿರಲಿಲ್ಲ. ಕದ್ದು ತಿಂದ ವಡೆ ಹತ್ತಿತು.

ಕೊನೆಗೆ ಮೂರನ್ನೂ ಇಡ್ತೀವಿ. ಸಾಮಾನಿನ ಚಿಂತೆ ಯಾರಿಗೂ ಬೇಡ, ಟೆಕ್ಸಾಸಿನವರಿಗಂತೂ ಬೇಡವೇ ಬೇಡ. ರಾಗಿಹಿಟ್ಟು, ಹುರುಳಿ ಇಂಡಿಯನ್ ಸ್ಟೋರಿನಲ್ಲಿ. ಮಿಕ್ಕದ್ದಕ್ಕೆ ಮೆಕ್ಸಿಕನ್ ಅಂಗಡಿಗೆ ಹೋಗಿ. ಅವರು ಮೆನೂದೋ ಅಂತ ಬೋಟಿ ಸಾರು ಮಾಡೋ ಜನ, ಹಸುವಿನ ಬೋಟಿ ಯಾವಾಗಲೂ ಇರುತ್ತೆ. ಮೇಕೆಯದೇ ಬೇಕು ಅನ್ನೋರು ಹಲಾಲ್ ಅಂಗಡಿಯಲ್ಲಿ ಮೊದಲೇ ಹೇಳಿಡಬೇಕು, ನಾವು ಹಾಗೇ ಮಾಡೋದು. ತಮಾಲೆ ಅನ್ನೋ ಅವರ ಮೆಕ್ಕೆಜೋಳದ ಕಡುಬು ಕಟ್ಟೋಕೆ ಅಂತ ಬಾಳೆ ಎಲೆಯೂ ಮೆಕ್ಸಿಕನ್ ಅಂಗಡಿಯ ಫ್ರೀಜರಿನಲ್ಲಿ ಸಿಗುತ್ತೆ. ಧೂಪವನ್ನು ಮಾತ್ರ ಸ್ಮೋಕ್ ಅಲಾರಂನಿಂದ ದೂರ ಹಾಕಿ.

ಆ ಮೆಕ್ಸಿಕನ್ ಜನಕ್ಕೂ ಇಂಥದ್ದೇ ಹಬ್ಬ ಉಂಟು, ಡೇ ಆಫ್ ದ ಡೆಡ್ ಅಂತ, ನವೆಂಬರ್ 1 ಮತ್ತು 2. ತೀರಿಕೊಂಡವರ ಫೋಟೋ, ಅವರಿಗೆ ಇಷ್ಟದ ತಿಂಡಿ, ಸುತ್ತ ಚೆಂಡುಹೂವು. 2008ರಲ್ಲಿ ಯುನೆಸ್ಕೋ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ನಮ್ಮದೇ ಅಂದುಕೊಂಡಿರೋ ಚೆಂಡುಹೂವಿನ ತವರೂ ಮೆಕ್ಸಿಕೋ ಕಡೆಯೇ, ಬಸ್ಸಾರಿನ ಮೆಣಸಿನಕಾಯಿಯದೂ ಅಷ್ಟೇ. ಮಗಳ ಸ್ಕೂಲಿನಲ್ಲಿ ಅದರ ಬಗ್ಗೆ ಹೇಳಿದಾಗ ಅವಳಿಗೇನೂ ವಿಚಿತ್ರ ಅನ್ನಿಸಲಿಲ್ಲ, ನಮ್ಮನೇಲೂ ಮಾಡ್ತೀವಿ, ಆಗಲೇ ಆಯ್ತು ಅಂದಳಂತೆ. ಹಾಗಂತ ಎರಡನ್ನೂ ಸೇರಿಸಿ ನವೆಂಬರಿನಲ್ಲಿ ಒಂದೇ ಸಲ ಮುಗಿಸೋಣ ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಊರಲ್ಲಿ ಅವ್ವ ಎಡೆ ಇಡೋ ಅಮಾವಾಸ್ಯೆಗೇ ಇಲ್ಲೂ ಇಟ್ಟರೆ, ಮಕ್ಕಳು ವಿಡಿಯೋ ಕಾಲಿನಲ್ಲಿ ಎರಡು ಎಲೆಯನ್ನೂ ಹೋಲಿಸಿ ನೋಡ್ತಾರೆ. ಅವರ ಎಲೆಯಲ್ಲಿ ಏನಿದೆ, ನಮ್ಮದರಲ್ಲಿ ಏನಿಲ್ಲ ಅನ್ನೋ ಲೆಕ್ಕಾಚಾರವೇ ಅರ್ಧ ಹಬ್ಬ.

ಎಡೆಗೆ ಬೀಡಿ ಇಡೋ ವಿಷಯಕ್ಕೆ ಮನೆಯಲ್ಲಿ ಜಗಳ ಆಯ್ತು. ಮಕ್ಕಳ ಮುಂದೆ ಅದೆಲ್ಲ ಬೇಡ ಅಂತ ನನ್ನ ಹೆಂಡತಿ. ಬೀಡಿ ಇಲ್ಲದಿದ್ರೆ ನಿಮ್ಮಪ್ಪ ಎಡೆ ಮೂಸೂ ನೋಡಲ್ಲ ಅಂತ ಫೋನಿನಲ್ಲಿ ಅವ್ವ. ಬೀಡಿ ಸೇದಿದ್ರೆ ಕ್ಯಾನ್ಸರ್ ಬರುತ್ತೆ ಅಂತ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರೆ ಅಂದ ಮಗ. "ತಾತಂಗೆ ಇನ್ನೇನ್ ಆಗುತ್ತೆ ಬಿಡೋ" ಅಂದಳು ಮಗಳು. ಅಲ್ಲಿಗೆ ತೀರ್ಮಾನ ಆಯ್ತು, ಬೀಡಿ ಇಟ್ಟೆವು. ಸಾವಿನ ಮಾತು ಆಡಿದರೆ ಮಕ್ಕಳು ಹೆದರುತ್ತಾರೆ ಅನ್ನೋರಿಗೆ ನಾನು ಹೇಳೋದೂ ಇದನ್ನೇ. ಹೆದರೋದು ದೊಡ್ಡವರು.

ನಮ್ಮ ಮನೆಯಲ್ಲಿ ಎಡೆ ಇಡೋ ಪದ್ಧತಿ ಇಲ್ಲ ಅನ್ನೋರೂ ಇರ್ತೀರಿ. ಪಿತೃಪಕ್ಷದ ಶ್ರಾದ್ಧ ಮಾಡೋ ಮನೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಬೀಳಲ್ಲ, ಅಲ್ಲಿ ಬೀಡಿ ಇಡಿ ಅಂತ ನಾನು ಹೇಳ್ತಿಲ್ಲ. ತುಳುನಾಡಿನವರು ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಕೊಂಡವರ ಆತ್ಮಗಳಿಗೆ, ಬಡಿಸ್ತಾರೆ. ಕ್ರೈಸ್ತ ಗೆಳೆಯರು ನವೆಂಬರ್ 2ಕ್ಕೆ ಸಮಾಧಿಗೆ ಮೇಣದ ಬತ್ತಿ ಹಚ್ಚುತ್ತಾರೆ. ನಿಮ್ಮಲ್ಲಿ ಯಾವುದಿದೆಯೋ ಅದನ್ನೇ ಹಿಡೀರಿ. ಮಕ್ಕಳಿಗೆ ಕೇಳೋ ಕೆಲಸ ಕೊಡಿ, ಅಷ್ಟೇ.

ದಿನದ ಗೊಂದಲ ಇದ್ದದ್ದೇ. 2024ರಲ್ಲಿ ಮಹಾಲಯ ಅಮಾವಾಸ್ಯೆ ಗಾಂಧಿ ಜಯಂತಿಯ ದಿನವೇ ಬಿತ್ತು, ಮಾಂಸದೆಡೆ ಇಡೋರಿಗೆಲ್ಲ ಪೇಚಾಟ. 2025ರಲ್ಲಿ ಊರಲ್ಲಿ ಸೆಪ್ಟೆಂಬರ್ 21, ಭಾನುವಾರ ಹಬ್ಬ. ನಮ್ಮ ಟೆಕ್ಸಾಸಿನಲ್ಲಿ ಶನಿವಾರ ಮಧ್ಯಾಹ್ನವೇ ಅಮಾವಾಸ್ಯೆ ಹಿಡಿದು ಭಾನುವಾರ ಮಧ್ಯಾಹ್ನ ಬಿಟ್ಟುಬಿಟ್ಟಿತು. ಪಂಚಾಂಗ ನೋಡೋರು ನೋಡಲಿ, ನಾವು ಅವ್ವ ಹೇಳಿದ ದಿನಕ್ಕೆ. 2026ರಲ್ಲಿ ಅಕ್ಟೋಬರ್ 10, ಶನಿವಾರ. ರಜೆ ಹಾಕೋ ತಾಪತ್ರಯ ಇಲ್ಲ. ಅಕ್ಕಾ, ಸೆಪ್ಟೆಂಬರಿನಲ್ಲೇ ಮಕ್ಕಳ ಕೈಲಿ ನಿಮ್ಮ ಅತ್ತೆಯವರಿಗೆ ಫೋನ್ ಮಾಡಿಸಿ. ಅವರೊಬ್ಬರಿಗೇ ಅಲ್ಲ, ಮಾವನವರ ಜೊತೆ ಓಡಾಡಿದ ಗೆಳೆಯರು ಯಾರಾದರೂ ಇದ್ದರೆ ಅವರಿಗೂ. ಮನೆಯವರಿಗೆ ಗೊತ್ತಿಲ್ಲದ್ದು ಅವರ ಹತ್ತಿರ ಇರುತ್ತೆ.