ಪದಚರ್ಚೆ: ಗಣಿಯ ‘ಡಿಕ್ಲೈನ್’ಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ನಾಲ್ಕು ದಿನವಾಯಿತು. ಬಿಡಿಸಿಕೊಡಿ.

ಉಕ್ರೇನಿನ ಡೊನ್‌ಬಾಸ್ ಕಡೆಯ ಕಲ್ಲಿದ್ದಲು ಗಣಿಗಳು ಯುದ್ಧದಲ್ಲಿ ಹೇಗೆ ಒಂದೊಂದಾಗಿ ನಿಂತುಹೋದವು ಅನ್ನುವ ಇಂಗ್ಲಿಷ್ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಡಿಕ್ಲೈನ್’ ಅನ್ನುವ ಪದ ಹದಿನೇಳು ಸಲ ಬರುತ್ತದೆ. ಮೊದಲ ಸಲ ಸುಮ್ನೆ ಎಲ್ಲ ಕಡೆಯೂ ‘ಅವನತಿ’ ಅಂತ ಹಾಕಿಕೊಂಡು ಹೋದೆ. ಗಣಿಯ ಅವನತಿ, ಉದ್ಯಮದ ಅವನತಿ, ಊರಿನ ಅವನತಿ. ಸರಿಯಾಗಿಯೇ ಕಾಣುತ್ತಿತ್ತು. ಆಮೇಲೆ ಶೆಲ್ ಬಿದ್ದು ಕರೆಂಟು ಹೋಗುವ ಭಾಗ ಬಂತು. ಆಳುಗಳನ್ನು ಇಳಿಸುವ ಕೇಜು, ಅಂದರೆ ಲಿಫ್ಟಿನಂಥ ಪಂಜರ, ಅಲ್ಲೇ ನಿಂತಿದೆ. ಕೆಳಗಿದ್ದವರು ಕತ್ತಲಲ್ಲಿ ನಡೆದುಕೊಂಡೇ ಮೇಲೆ ಬರುತ್ತಾರೆ. ನನ್ನ ಕೈಯಲ್ಲಿ ಅದು ಹೀಗಾಗಿತ್ತು: ‘ಕಾರ್ಮಿಕರು ಅವನತಿಯಿಂದ ಮೇಲೆದ್ದು ಬಂದರು.’ ನನ್ನ ಹೆಂಡತಿ ಓದಿ, ‘ಪಾಪ, ಒಳ್ಳೇದೇ ಆಯ್ತಲ್ಲ’ ಅಂದಳು.

ಗಣಿಯವರ ಮಾತಿನಲ್ಲಿ ಡಿಕ್ಲೈನ್ ಅಂದರೆ ನೆಲದೊಳಕ್ಕೆ ಓರೆಯಾಗಿ ಇಳಿಯುವ ದಾರಿ. ಇದು ನನಗೆ ತಿಳಿದದ್ದು ನಿಘಂಟಿನಿಂದಲ್ಲ, ಹಾಸನದ ನಮ್ಮ ಓಣಿಯಲ್ಲೇ ಇರುವ ಒಬ್ಬ ಹಿರಿಯರಿಂದ. ಹೊಳೆನರಸೀಪುರದ ಕಡೆಯವರು, ವಯಸ್ಸಿನಲ್ಲಿ ತೆಲಂಗಾಣದ ಸಿಂಗರೇಣಿ ಕಲ್ಲಿದ್ದಲು ಗಣಿಗೆ ಹೋಗಿ, ಗೋದಾವರಿಖನಿಯಲ್ಲಿ ಬಹಳ ವರ್ಷ ದುಡಿದು ಬಂದವರು. ಸಂಜೆ ಹೋಗಿ ಕೇಳಿದೆ. ಜಗಲಿಯ ಮೂಲೆಯಲ್ಲಿ ಒಣಗಲು ಇಟ್ಟಿದ್ದ ಛತ್ರಿ ಎತ್ತಿಕೊಂಡರು. ನೆಟ್ಟಗೆ ನಿಲ್ಲಿಸಿ, ‘ಇದು ಶಾಫ್ಟು ಮೇಷ್ಟ್ರೇ, ಬಾವಿ ಇದ್ದಂಗೆ, ಕೇಜಲ್ಲಿ ಇಳೀಬೇಕು’ ಅಂದರು. ಆಮೇಲೆ ಅದನ್ನೇ ಗೋಡೆಗೆ ಒರಗಿಸಿ, ‘ಇದು ಇನ್‌ಕ್ಲೈನು, ಕಾಲಲ್ಲಿ ಇಳಿಯೋದು, ಪಕ್ಕದಲ್ಲಿ ಹಗ್ಗ ಕಟ್ಟಿದ ಕಲ್ಲಿದ್ದಲಿನ ಟಬ್ಬು ಓಡ್ತಾ ಇರ್ತದೆ.’ ಐದು ಅಡಿ ನಡೆದರೆ ಒಂದು ಅಡಿ ಇಳಿದ ಲೆಕ್ಕ ಅಂತ ಕೈಯಲ್ಲೇ ತೋರಿಸಿದರು. ಛತ್ರಿಯ ನೀರು ಗೋಡೆ ಬುಡಕ್ಕೆ ಹರಿದು ಅವರ ಸೊಸೆಯಿಂದ ಬೈಸಿಕೊಂಡದ್ದು ಬೇರೆ ವಿಷಯ.

ನೋಡಿ, ಅದೇ ದಾರಿಗೆ ನಮ್ಮ ದೇಶದ ಕಲ್ಲಿದ್ದಲು ಗಣಿಯವರು ಇನ್‌ಕ್ಲೈನ್ ಅನ್ನುತ್ತಾರೆ, ಅಂದರೆ ಏರು. ಆ ಬರಹದಲ್ಲಿ ಡಿಕ್ಲೈನ್, ಅಂದರೆ ಇಳಿ. ಕೆಳಗೆ ನಿಂತು ನೋಡಿದವನಿಗೆ ಏರು, ಮೇಲೆ ನಿಂತವನಿಗೆ ಇಳುಕಲು, ಅಷ್ಟೇ. ಸಿಂಗರೇಣಿಯಲ್ಲಂತೂ ಅದು ಗಣಿಯ ಹೆಸರೇ ಆಗಿಹೋಗಿದೆ, ‘11 ಇನ್‌ಕ್ಲೈನ್’ ಅಂತ. ‘ಯಾವ ಗಣಿ’ ಅಂತ ಯಾರೂ ಕೇಳುವುದಿಲ್ಲವಂತೆ, ‘ಎಷ್ಟನೇ ಇನ್‌ಕ್ಲೈನು’ ಅಂತಲೇ ಕೇಳುವುದಂತೆ. ರಷ್ಯನ್ನಿನಲ್ಲಿ ಗಣಿಯೊಳಗಿನ ಇಂಥ ಇಳಿಜಾರು ದಾರಿಗೆ ‘ಉಕ್ಲೋನ್’ ಅನ್ನುತ್ತಾರೆ. ಅದೇ ಪದ ಸೋವಿಯತ್ ಕಾಲದಲ್ಲಿ ಪಕ್ಷದ ದಾರಿ ಬಿಟ್ಟು ಓರೆ ಹೋದವರನ್ನು ಬೈಯಲೂ ಬಳಕೆಯಲ್ಲಿತ್ತು. ಅಂದರೆ ಎರಡರ್ಥದ ಕಾಟ ಇಂಗ್ಲಿಷಿಗೆ ಮಾತ್ರ ಅಲ್ಲ.

ಈಗ ನನ್ನ ತೊಂದರೆ. ಸುಲಭದ ಪದ ‘ಸುರಂಗ’ ಇದೆಯಲ್ಲ ಅಂತ ನೀವು ಹೇಳಬಹುದು. ನಾನೂ ಮೊದಲು ‘ಇಳಿಜಾರು ಸುರಂಗ’ ಅಂತಲೇ ಬರೆದೆ. ಆದರೆ ನಮ್ಮ ಕಡೆ ಸುರಂಗ ಅಂದರೆ ತಲೆಗೆ ಬರುವುದು ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲಿನ ಹಾದಿ. ಅಲ್ಲಿ 57 ಸುರಂಗ ಇವೆ. ಒಂದು ಕಡೆ ಹೊಕ್ಕರೆ ಇನ್ನೊಂದು ಕಡೆ ಬೆಳಕು ಬಂದೇ ಬರುತ್ತದೆ. ಗಣಿಯದ್ದು ಹಾಗಲ್ಲ, ಅದಕ್ಕೆ ಆಚೆ ಬಾಯಿ ಇಲ್ಲ. ಇನ್ನು ಘಟ್ಟದ ಕೆಳಗಿನವರಿಗೆ, ಪುತ್ತೂರು, ಕಾಸರಗೋಡಿನ ಕಡೆಯವರಿಗೆ, ಸುರಂಗ ಅಂದರೆ ಗುಡ್ಡ ಕೊರೆದು ನೀರು ತರುವ ಅಡ್ಡಬಾವಿ. ಆಚೆ ಬಾಯಿ ಅದಕ್ಕೂ ಇಲ್ಲ, ಅಷ್ಟರಮಟ್ಟಿಗೆ ಸರಿಹೋಯಿತು ಅಂದುಕೊಂಡೆ. ಆದರೆ ಅದರ ಓರೆ ತಿರುವುಮುರುವು. ಒಳಗಿನಿಂದ ಬಾಯಿಯ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ, ನೀರು ತಾನೇ ಹೊರಗೆ ಬರಲಿ ಅಂತ. ಗಣಿಯ ಡಿಕ್ಲೈನಿನಲ್ಲಿ ನೀರು ಒಳಗೆ ಹೋಗುತ್ತದೆ.

ಇದೇನು ಸಣ್ಣ ವಿಷಯ ಅಲ್ಲ. ಇಡೀ ಬರಹ ನಿಂತಿರುವುದೇ ಇದರ ಮೇಲೆ. ಆಳದ ಗಣಿಗೆ ಸುತ್ತಲಿನ ನೆಲದ ನೀರೆಲ್ಲ ಬಂದು ಸೇರುತ್ತದೆ, ಹಗಲೂ ರಾತ್ರಿ ಪಂಪು ಹೊಡೆಯುತ್ತಲೇ ಇರಬೇಕು. ಅದರ ಜೊತೆ ಫ್ಯಾನೂ ತಿರುಗಬೇಕು, ಇಲ್ಲದಿದ್ದರೆ ಕಲ್ಲಿದ್ದಲಿನಿಂದ ಬರುವ ಮೀಥೇನ್ ತುಂಬಿಕೊಳ್ಳುತ್ತದೆ. ನಮ್ಮಲ್ಲಿ ಹಾಳುಬಾವಿಗೆ ಇಳಿಯುವ ಮುಂಚೆ ದೀಪ ಬಿಟ್ಟು ನೋಡುತ್ತಿದ್ದರು, ಆರಿದರೆ ಕೆಟ್ಟ ಗಾಳಿ ಇದೆ ಅಂತ ಲೆಕ್ಕ. ಕಲ್ಲಿದ್ದಲು ಗಣಿಯಲ್ಲಿ ಆ ದೀಪ ಆರುವ ಬದಲು ಗಣಿಯನ್ನೇ ಹಾರಿಸಿಬಿಡಬಹುದು. ಅದಕ್ಕೇ 1815ರಲ್ಲಿ ಡೇವಿ ಅನ್ನುವವರು ಜಾಲರಿ ಸುತ್ತಿದ ದೀಪ ಮಾಡಿದ್ದು. ದೊನೆತ್ಸ್ಕ್‌ನ ಜಸ್ಯಾದ್ಕೊ ಗಣಿಯಲ್ಲಿ 2007ರ ನವೆಂಬರ್‌ನಲ್ಲಿ ಒಂದೇ ಸ್ಫೋಟಕ್ಕೆ ನೂರಕ್ಕೂ ಹೆಚ್ಚು ಜನ ಸತ್ತರು, ಆಗ ಯುದ್ಧದ ಸುದ್ದಿಯೇ ಇರಲಿಲ್ಲ. ಇನ್ನು ಯುದ್ಧ ಶುರುವಾಗಿ ವಿದ್ಯುತ್ ಕೇಂದ್ರದ ಮೇಲೇ ಶೆಲ್ ಬಿದ್ದರೆ? ಗಣಿಯ ಮೇಲೆ ಒಂದು ಗುಂಡೂ ಬೀಳಬೇಕಾಗಿಲ್ಲ. ತಂತಿ ಕಡಿದರೆ ಸಾಕು, ನೀರು ತನ್ನ ಪಾಡಿಗೆ ತಾನು ಡಿಕ್ಲೈನ್ ಹಿಡಿದು ಇಳಿಯುತ್ತದೆ, ಗಣಿ ಡಿಕ್ಲೈನ್ ಆಗುತ್ತದೆ. ಮೂಲದಲ್ಲಿ ಬರೆದವರು ಈ ಎರಡೂ ಅರ್ಥ ಬೇಕೆಂದೇ ಹೆಣೆದಿದ್ದಾರೆ ಅಂತ ನನಗೆ ಮೂರನೇ ಓದಿನಲ್ಲಿ ಹೊಳೆಯಿತು. ‘ಅವನತಿ’ಯಲ್ಲಿ ಯಾರೂ ಕಾಲಿಟ್ಟು ಇಳಿಯಲಾಗದು. ‘ಸುರಂಗ’ದಲ್ಲಿ ಯಾವುದೂ ಕ್ಷೀಣಿಸದು.

ಹಾಗಾಗಿ ‘ಇಳಿ’ ಅನ್ನುವುದರ ಮನೆಮಂದಿಯನ್ನೆಲ್ಲ ಕರೆದು ಸಾಲಾಗಿ ಕೂರಿಸಿದ್ದೇನೆ. ಇಳಿತ, ಇಳಿಕೆ, ಇಳುವು, ಇಳಿಗಾಲ, ಇಳಿವಯಸ್ಸು, ಇಳಿಹೊತ್ತು. ಇಳಿಕೆ ಅಂದರೆ ಚಿನ್ನದ ಬೆಲೆಯ ನೆನಪು ಬರುತ್ತದೆ, ಬೇಡ. ಸದ್ಯಕ್ಕೆ ನನಗೆ ಹಿಡಿಸಿರುವುದು ‘ಇಳುಕಲು’. ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಜೀಪು ಓಡಿಸುವವರ ಬಾಯಲ್ಲಿ ದಿನಾ ಇರುವ ಮಾತು, ‘ಇಳುಕಲಲ್ಲಿ ನ್ಯೂಟ್ರಲ್ ಮಾಡ್ಬೇಡ ಮಾರಾಯ’ ಅಂತ. ದಾರಿಗೆ ‘ಇಳುಕಲು’, ಸ್ಥಿತಿಗೆ ‘ಇಳಿಗಾಲ’ ಅಂತ ಇಟ್ಟರೆ ಕಿವಿಗಾದರೂ ನಂಟು ಕೇಳಿಸುತ್ತದೆ. ‘ಕಾರ್ಮಿಕರು ಇಳುಕಲು ಹತ್ತಿ ಬಂದರು’ ಅನ್ನುವುದು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ, ಆದರೆ ಕೆಲಸ ಮಾಡುತ್ತದೆ, ಅಲ್ವಾ? ‘ಇಳಿಗಂಡಿ’ ಅಂತಲೂ ಒಂದು ಕಟ್ಟಿ ನೋಡಿದೆ. ಹೆಂಡತಿ ನಗಾಡಿದಳು, ಬಿಟ್ಟೆ.

ಇನ್ನೊಂದು ಸಣ್ಣದು, ‘ಕಾನ್‌ಫ್ಲಿಕ್ಟ್ ಝೋನ್’. ಪತ್ರಿಕೆಯವರ ರೂಢಿಯಂತೆ ‘ಸಂಘರ್ಷ ವಲಯ’ ಅಂತ ಹಾಕಿ ಸಕಲೇಶಪುರದ ನನ್ನ ಭಾವನಿಗೆ ಕಳಿಸಿದ್ದೆ. ಅವರು ಆಲೂರು ಗಡಿಯಲ್ಲಿ ತೋಟ ಇಟ್ಟುಕೊಂಡು ಆನೆ ಕಾಟದಲ್ಲಿ ಬೇಯುತ್ತಿರುವವರು. ‘ಗಣಿಗೂ ಆನೆ ಬಂತಾ?’ ಅಂತ ಉತ್ತರ ಬರೆದರು. ತಮಾಷೆಗೆ ಬರೆದದ್ದಲ್ಲ. ನಮ್ಮಲ್ಲಿ ಸಂಘರ್ಷ ಅಂದರೆ ಆನೆ–ಮಾನವ ಸಂಘರ್ಷ, ವಲಯ ಅಂದರೆ ಅರಣ್ಯ ಇಲಾಖೆಯ ವಲಯ. ಅದನ್ನು ತೆಗೆದು ‘ಯುದ್ಧದ ನೆಲ’ ಅಂತ ಮಾಡಿದ್ದೇನೆ. ಇದಕ್ಕೆ ಸಲಹೆ ಬೇಡ.

ಗಣಿ ನಿಲ್ಲುವುದಕ್ಕೆ ಯಾವ ಕ್ರಿಯಾಪದ ಅನ್ನುವುದಕ್ಕೆ ಮಾತ್ರ ಬೇಕು. 2025ರ ಜನವರಿಯಲ್ಲಿ ಪೊಕ್ರೊವ್ಸ್ಕ್ ಹತ್ತಿರದ ದೊಡ್ಡ ಗಣಿ ಕೆಲಸ ನಿಲ್ಲಿಸಿತು. ಉಕ್ಕಿನ ಕುಲುಮೆಗೆ ಬೇಕಾಗುವ ಕೋಕಿಂಗ್ ಕಲ್ಲಿದ್ದಲು ಕೊಡುತ್ತಿದ್ದ ಗಣಿ ಅದು. ಕಾಳಗ ಹತ್ತಿರ ಬಂದಿತ್ತು, ಕರೆಂಟೂ ಸರಿಯಾಗಿ ಇರಲಿಲ್ಲ. ಇದು ಸ್ಥಗಿತವೋ, ಮುಚ್ಚಿದ್ದೋ? ಕಳಸದ ಕಡೆ ಕೇಳಿ ನೋಡಿ, ಕುದುರೆಮುಖದಲ್ಲಿ 2005ರ ಕೊನೆಗೆ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಅದಿರು ತೆಗೆಯುವುದು ನಿಂತದ್ದಕ್ಕೆ ಜನ ‘ಕಂಪನಿ ನಿಂತ ಮೇಲೆ’ ಅನ್ನುತ್ತಾರೆ. ಬಸ್ಸು ನಿಂತ ಹಾಗೆ, ಮಳೆ ನಿಂತ ಹಾಗೆ. ಕೆಜಿಎಫ್ 2001ರ ಫೆಬ್ರವರಿ 28ಕ್ಕೆ ‘ಮುಚ್ಚಿತು’. ನಿಂತದ್ದು ಮತ್ತೆ ಹೊರಡಬಹುದು, ಮುಚ್ಚಿದ್ದು ಹಾಗಲ್ಲ, ಈ ಸೂಕ್ಷ್ಮ ನನಗೆ ಉಳಿಸಿಕೊಳ್ಳಬೇಕಾಗಿದೆ. ಪೊಕ್ರೊವ್ಸ್ಕಿಗೆ ‘ನಿಂತಿತು’ ಅಂತಲೇ ಇಟ್ಟಿದ್ದೇನೆ.

ಇದರಲ್ಲಿ ಇನ್ನೂ ಒಂದು ತುಂಟ ಪದ ಇದೆ. ಗಣಿಗೆ ನೀರು ತುಂಬಲು ಬಿಟ್ಟು ಕೈತೊಳೆದುಕೊಳ್ಳುವುದಕ್ಕೆ ಅಲ್ಲಿನವರ ಆಡಳಿತದ ಹೆಸರು ‘ಒದ್ದೆ ಸಂರಕ್ಷಣೆ’. ಯೆನಾಕಿಯೆವೆಯ ಯುನ್‌ಕೋಮ್ ಗಣಿಯಲ್ಲಿ 1979ರಲ್ಲಿ ಸೋವಿಯತ್ತಿನವರು ನೆಲದಡಿ ಒಂದು ಸಣ್ಣ ಅಣುಬಾಂಬನ್ನೇ ಸಿಡಿಸಿದ್ದರು, ಕಲ್ಲಿದ್ದಲಿನ ಒತ್ತಡ, ಅನಿಲದ ಕಾಟ ಕಡಿಮೆಯಾದೀತು ಅಂತ. 2018ರಲ್ಲಿ ಅದರ ಪಂಪು ನಿಲ್ಲಿಸಿದ್ದೂ ಇದೇ ಹೆಸರಿನಲ್ಲಿ. ಮನೆಮಾತಿನಲ್ಲಿ ಹೇಳಿದರೆ ‘ನೆನೆಹಾಕಿದ ಗಣಿ’ ಅನ್ನಬೇಕು, ಬೆಳಿಗ್ಗೆ ದೋಸೆಗೆ ರುಬ್ಬುವುದಕ್ಕೆ. ನಾನು ‘ಒದ್ದೆ ಸಂರಕ್ಷಣೆ’ ಅಂತಲೇ ಉಳಿಸಿಕೊಳ್ಳುತ್ತೇನೆ, ಸರ್ಕಾರಿ ಭಾಷೆಯ ವಾಸನೆ ಹಾಗೇ ಇರಲಿ. ಗಂಡಸರು ಸೈನ್ಯಕ್ಕೆ ಹೋದ ಮೇಲೆ ಹೆಂಗಸರೂ ಗಣಿಗಿಳಿದದ್ದು ಬರಹದಲ್ಲಿದೆ, ಅವರಿಗೆ ‘ಗಣಿಗಾರ್ತಿ’ ಅಂದರೆ ನಡೆಯುತ್ತದೆಯಲ್ಲ? ‘ಮಹಿಳಾ ಗಣಿ ಕಾರ್ಮಿಕರು’ ಅಂತ ಪ್ರತಿ ಸಲ ಬರೆದು ಕೈ ಸೋತಿದೆ.

ಕೊನೆಗೆ ಕೇಳಬೇಕಾದದ್ದು ಇಷ್ಟು. ರಾಯಚೂರಿನ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದವರು, ಇಲ್ಲವೇ ನಮ್ಮ ಜಿಲ್ಲೆಯ ನುಗ್ಗೇಹಳ್ಳಿ ಹತ್ತಿರದ ಭೈರಾಪುರ ಕ್ರೋಮೈಟ್ ಗಣಿಯ ಪರಿಚಯ ಇರುವವರು ಇಲ್ಲಿ ಯಾರಾದರೂ ಇದ್ದೀರಾ? ನೆಲದಡಿಯ ಈ ಓರೆ ದಾರಿಗೆ ಆಳುಗಳ ಬಾಯಲ್ಲಿ ಯಾವ ಪದ ಇತ್ತು? ಇಂಗ್ಲಿಷೇ ಆದರೂ ಪರವಾಗಿಲ್ಲ, ಅವರು ಅದನ್ನು ಹೇಗೆ ಉಚ್ಚರಿಸುತ್ತಿದ್ದರೋ ಹಾಗೇ ಬರೆದು ತಿಳಿಸಿ. ನಮ್ಮ ಓಣಿಯ ಹಿರಿಯರನ್ನು ಇನ್ನೊಮ್ಮೆ ಕೇಳೋಣ ಅಂದರೆ, ಅವರ ಸೊಸೆ ಛತ್ರಿಯನ್ನು ಎತ್ತಿ ಒಳಗಿಟ್ಟಿದ್ದಾರೆ.