ಇಟಿಡಿ ಯಂತ್ರ ಸುಮ್ನೆ ಸುಮ್ನೆ ಅಲಾರಂ ಹೊಡೆಯುತ್ತಿದೆ, ಸಹಾಯ ಮಾಡಿ

ಕರಾವಳಿ_ಕಾವಲು: ಮಂಗಳೂರಿನ ಕಾರ್ಗೋ ಗೋಡೌನಿನಲ್ಲಿ ನನ್ನ ಕೆಲಸ. ಮೂರು ದಿನದಿಂದ ಇಟಿಡಿ (ಸ್ಫೋಟಕದ ಸಣ್ಣ ಕುರುಹು ಹಿಡಿಯುವ ಯಂತ್ರ) ಹುಚ್ಚು ಹಿಡಿದ ಹಾಗೆ ಅಲಾರಂ ಹೊಡೆಯುತ್ತಿದೆ. ಗೋಡಂಬಿ ಪೆಟ್ಟಿಗೆಯನ್ನು ಸ್ವ್ಯಾಬ್‌ನಿಂದ (ಒರೆಸುವ ತುಂಡು) ಒರೆಸಿ ಯಂತ್ರಕ್ಕೆ ಹಾಕಿದರೂ ಕೆಂಪು ದೀಪ. ಪ್ರತಿ ಸಲ ಪೆಟ್ಟಿಗೆ ಬಿಚ್ಚಬೇಕು, ಲಾರಿಯವರು ಬೈಯುತ್ತಾರೆ. ಎಲ್ಲಾ ಮಾಡಿ ನೋಡಿದೆ, ಸಾಕಾಗಿ ಹೋಗಿದೆ.

ಡ್ರಿಫ್ಟ್‌ಟ್ಯೂಬ್: ಮಳೆಗಾಲ ಅಲ್ವಾ, ಒಳಗಿನ ಗಾಳಿ ಒಣಗಿಸುವ ಡ್ರೈಯರ್ ಕಾರ್ಟ್ರಿಜ್ ಹೋಗಿದೆ. ಒರೆಸಿ ತಂದದ್ದರ ಅಯಾನು (ವಿದ್ಯುದಂಶ ಹೊತ್ತ ಕಣ) ಒಳಗಿನ ಟ್ಯೂಬ್ ದಾಟಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅನ್ನುವುದೇ ಈ ಯಂತ್ರದ ಲೆಕ್ಕ. ತೇವ ಸೇರಿದರೆ ಅಯಾನಿಗೆ ನೀರು ಅಂಟಿಕೊಂಡು ಗ್ರಾಫಿನ ಪೀಕ್ ಜಾಗ ಬದಲಾಗುತ್ತದೆ.

ಕರಾವಳಿ_ಕಾವಲು: ಹೋದ ವಾರವೇ ಬದಲಿಸಿದ್ದೇನೆ.

ಡ್ರಿಫ್ಟ್‌ಟ್ಯೂಬ್: ಹಾಗಾದರೆ ಸೀಲ್ ಸರಿಯಾಗಿ ಕೂತಿಲ್ಲ. ತೆಗೆದು ಮತ್ತೆ ಹಾಕಿ.

ಹಳೇ_ಆಪರೇಟರ್: ಪರದೆ ಮೇಲೆ ಯಾವ ಹೆಸರು ಬರುತ್ತಿದೆ? ನೈಟ್ರೇಟ್ ಆದರೆ ಪಟಾಕಿ, ಗೊಬ್ಬರ ಇರಬಹುದು. ನೈಟ್ರೋಗ್ಲಿಸರಿನ್ ಆದರೆ ಯಾರೋ ಎದೆನೋವಿನ ಮಾತ್ರೆ ಮುಟ್ಟಿದ ಕೈ ಇರಬಹುದು.

ಕರಾವಳಿ_ಕಾವಲು: ಟಿಎನ್‌ಟಿ. ಪ್ರತಿ ಸಲ ಅದೇ.

ಲ್ಯಾಬ್_ಹುಡುಗ: ಒಳಗೆ ಅಯಾನು ಹುಟ್ಟಿಸುವ ನಿಕಲ್-63 ಹಳೆಯದಾಗಿ ಸವೆದಿರಬೇಕು. ಬಿಚ್ಚಿ ನೋಡಿ.

ಹಳೇ_ಆಪರೇಟರ್: ದಯವಿಟ್ಟು ಬಿಚ್ಚಬೇಡಿ! ಅದು ವಿಕಿರಣ ಮೂಲ, ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ನಿಯಮದ ಕೆಳಗೆ ಬರುತ್ತದೆ. ಅದರ ಅರ್ಧಾಯುಷ್ಯವೇ ಸುಮಾರು 100 ವರ್ಷ, ಇಷ್ಟು ಬೇಗ ಎಲ್ಲಿ ಸವೆಯುತ್ತದೆ?

ಲ್ಯಾಬ್_ಹುಡುಗ: ನಮ್ಮದು ವಿಕಿರಣವೇ ಇಲ್ಲದ ಮಾಡೆಲ್. ಎರಡಿವೆ, ಜೊತೆಗೆ ಲೇಸರ್ ಬೆಳಕಿನಿಂದ ವಸ್ತು ಗುರುತಿಸುವ ಒಂದು ರಾಮನ್ ಯಂತ್ರ. ಬಾಟಲಿ ಬಿಚ್ಚದೆಯೇ ಪುಡಿ ಯಾವುದು ಅಂತ ಹೇಳುತ್ತದೆ.

ಡ್ರಿಫ್ಟ್‌ಟ್ಯೂಬ್: ರಾಮನ್‌ಗೆ ಕಣ್ಣಿಗೆ ಕಾಣುವಷ್ಟು ಪುಡಿ ಬೇಕು. ಇಲ್ಲಿ ಮಾತು ನ್ಯಾನೋಗ್ರಾಂನದು. ಸೀಲ್ ನೋಡಿದಿರಾ?

ಹಳೇ_ಆಪರೇಟರ್: ಏನನ್ನೂ ಒರೆಸದೆ ಹೊಸ ಸ್ವ್ಯಾಬ್ ಹಾಕಿ. ಆಮೇಲೆ ಸ್ವ್ಯಾಬೇ ಇಲ್ಲದೆ ಓಡಿಸಿ.

ಕರಾವಳಿ_ಕಾವಲು: ಸ್ವ್ಯಾಬ್ ಇಲ್ಲದಿದ್ದರೆ ಹಸಿರು. ಹೊಸ ಸ್ವ್ಯಾಬ್‌ಗೆ ಟಿಎನ್‌ಟಿ!

ಹಳೇ_ಆಪರೇಟರ್: ಸ್ವ್ಯಾಬ್ ಎಲ್ಲಿಡುತ್ತೀರಿ?

ಕರಾವಳಿ_ಕಾವಲು: ಮೇಜಿನ ಡ್ರಾಯರ್‌ನಲ್ಲಿ, ವೆರಿಫಿಕೇಷನ್ ಪೆನ್ ಜೊತೆ. ಪೆನ್ನಿನ ಮುಚ್ಚಳ ಒಡೆದಿತ್ತು, ಟೇಪ್ ಸುತ್ತಿದ್ದೇನೆ.

ಹಳೇ_ಆಪರೇಟರ್: ಅದೇ ನೋಡಿ. ಆ ಪೆನ್ನಿನಲ್ಲಿ ಪರೀಕ್ಷೆಗೆಂದು ಚೂರು ಟಿಎನ್‌ಟಿ ಇರುತ್ತದೆ. ಟೇಪಿನ ಅಂಟು, ನಿಮ್ಮ ಗ್ಲೌಸು, ಸ್ವ್ಯಾಬು, ಎಲ್ಲಕ್ಕೂ ಹತ್ತಿದೆ. ಡ್ರಾಯರಿನಲ್ಲಿದ್ದ ಸ್ವ್ಯಾಬ್, ಗ್ಲೌಸ್ ಎಲ್ಲಾ ಎಸೆಯಿರಿ. ಡ್ರಾಯರ್ ಒರೆಸಿ, ಯಂತ್ರವನ್ನು ರಾತ್ರಿಯಿಡೀ ಬೇಕ್‌ಔಟ್‌ಗೆ (ಬಿಸಿ ಮಾಡಿ ಒಳಗೆ ಅಂಟಿದ್ದನ್ನು ಓಡಿಸಲು) ಹಾಕಿ.

ಕರಾವಳಿ_ಕಾವಲು: ಹೊಸ ಪ್ಯಾಕೆಟ್ ಒಡೆದೆ. ಮೂರು ಸ್ವ್ಯಾಬ್, ಮೂರೂ ಹಸಿರು! ತುಂಬಾ ಥ್ಯಾಂಕ್ಸ್ ಸರ್. ಹೊಸ ಪೆನ್ ಬರಲು ಎರಡು ವಾರವಂತೆ. ಅಲ್ಲಿಯವರೆಗೆ ಪೆನ್ ಇಲ್ಲದೆ ನಡೆಸಬಹುದಾ?

ಹಳೇ_ಆಪರೇಟರ್: ಬೇಡವೇ ಬೇಡ. ಅದೇ ಮಾಡೆಲ್ ಇರುವವರ ಹತ್ತಿರ ಪೆನ್ ಕೇಳಿ ತನ್ನಿ. ಬೆಳಿಗ್ಗೆ ಪರೀಕ್ಷೆ ಆಗದೆ ಒಂದು ಪೆಟ್ಟಿಗೆಯನ್ನೂ ಬಿಡಬೇಡಿ.